ಚಿತ್ತಾಪುರದವನ ಚಿಂದಿ

ಬುಧವಾರ ಮಧ್ಯಾಹ್ನ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಎಳೆದದ್ದು ಟ್ರ್ಯಾಕ್ಟರು, ಹಿಂದೆ ಸ್ಟೀರಿಂಗ್ ಹಿಡಿದು ಕೂತವರು ರೊಟ್ಟಿ ಅಕ್ಕ. ನನ್ನ ಗ್ಯಾರೇಜಿನ ಮುಂದೆ ಇಳಿದವರೇ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, ಕುಶಲ ಗಿಶಲ ಏನೂ ಇಲ್ಲದೆ ಹೇಳಿದರು:

"ತಮ್ಮಾ, ಹಿಂದಿನ ಗಾಲ್ಯಾಗ ಯಾರೋ ಕುಂತು ಪುಟಾಣಿ ತಿನ್ಲಿಕತ್ತಾರ."

ಸೇಡಂನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿಯಿಸುತ್ತಾರೆ. ಬಿಸಿ ರೊಟ್ಟಿ ಕೋಡ್ಲಾ ಕಡೆಯ ಸಿಮೆಂಟ್ ಕಾರ್ಖಾನೆಯ ಕೂಲಿಕಾರರ ಕ್ಯಾಂಟೀನಿಗೆ, ಕಡಕ್ ರೊಟ್ಟಿ ವಾಡಿಯ ಒಂದು ಮೆಸ್ಸಿಗೆ. ಬುಟ್ಟಿಗಳನ್ನು ಹೇರಿಕೊಂಡು ಆ ಸಣ್ಣ ಟೆಂಪೊವನ್ನು ತಾವೇ ಓಡಿಸುತ್ತಾರೆ. ಎಷ್ಟೋ ವರ್ಷದಿಂದ ಆ ಗಾಡಿಗೆ ಕೈ ಹಚ್ಚಿದವನು ನಾನೊಬ್ಬನೇ. ಆ ಹೆಮ್ಮೆಯೂ ನನಗೆ ಸ್ವಲ್ಪ ಇತ್ತು.

ಗಾಡಿಯ ಕೆಳಗೆ ಹೊಕ್ಕು ಹಿಂದಿನ ಡಿಫರೆನ್ಷಿಯಲ್‌ನ ಎಣ್ಣೆ ಇಳಿಸಿದೆ. ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಎರಡೂ ಗಾಲಿಗೆ ಹಂಚಿಕೊಡುವ, ಹಿಂದಿನ ಅಚ್ಚಿನ ನಡುವಿನ ಬೋರಲು ಹಾಕಿದ ಗಡಿಗೆಯಂಥ ಭಾಗ. ಅದರೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣದು. ಬೋಗುಣಿಗೆ ಇಳಿದ ಎಣ್ಣೆ ಅಭ್ರಕ ಕಲಸಿದ ಹಾಗೆ ಮಿಂಚುತ್ತಿತ್ತು. ಬೆರಳು ಅದ್ದಿ ತಿಕ್ಕಿದರೆ ಉಕ್ಕಿನ ಚೂರು. ಬಿಚ್ಚಿ ನೋಡಿದಾಗ ಪಿನಿಯನ್ನಿನ ಹಲ್ಲು ಮುರಿದು, ಕ್ರೌನಿನ ಹಲ್ಲುಗಳನ್ನೂ ಕೆಡಿಸಿಟ್ಟಿತ್ತು. ಎರಡೂ ಹೋದಂತೆಯೇ.

ಆ ಮಾದರಿಯ ಗಾಡಿ ಈಗ ಬರುವುದಿಲ್ಲ. ಕಲಬುರಗಿಯ ಅಂಗಡಿಗಳಿಗೆ ಫೋನು ಮಾಡಿದರೆ ಎಲ್ಲರದೂ ಒಂದೇ ಉತ್ತರ. ಹೈದರಾಬಾದಿನಿಂದ ತರಿಸಿದರೆ ಮುಂದಿನ ವಾರ, ಅದೂ ಖಾತ್ರಿಯಿಲ್ಲ.

"ಮುಂದಿನ ವಾರ ನಡ್ಯಂಗಿಲ್ಲ ತಮ್ಮಾ," ಎಂದರು ಅಕ್ಕ. "ಐತ್ವಾರದ ತನಕ ಬಾಡಿಗಿ ಗಾಡ್ಯಾಗ ಹೆಂಗರ ಕಳಸ್ತೀನಿ. ಸೋಮವಾರದಿಂದ ಅದು ತೊಗರಿ ಹೇರ್ಲಿಕ್ಕ ಹೋಗ್ತದ. ಸೋಮವಾರ ಊಟದ ಹೊತ್ತಿಗಿ ರೊಟ್ಟಿ ಮುಟ್ಟಲಿಲ್ಲಂದ್ರ ಕ್ಯಾಂಟೀನಿನಾಂವ ಬ್ಯಾರೆಯವರಿಗಿ ಹೇಳ್ತೀನಿ ಅಂದಾನ. ನಂದು ಬಿಡು. ಬಡಿಯೋ ಹೆಣ್ಮಕ್ಕಳು ಎಲ್ಲಿಗಿ ಹೋಗ್ಬೇಕು?"

"ಗುಜರಿಯೊಳಗ ಹುಡುಕಿ ತರ್ತೀನಿ ಅಕ್ಕಾ. ಫಿಕರ್ ಮಾಡಬ್ಯಾಡ್ರಿ."

ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ, ನನಗೆ ನೋವಾಗಬಾರದೆಂದು ದನಿ ತಗ್ಗಿಸಿ, ಹೆಚ್ಚು ನೋವಾಗುವ ಮಾತನ್ನೇ ಆಡಿದರು.

"ನಿಂಗ ಆಗಂಗಿಲ್ಲಂದ್ರ ಈಗೇ ಹೇಳಪಾ. ಚಿತ್ತಾಪುರದಾಗ ಒಬ್ಬಾಂವ ಅದಾನಂತ. ಗುಜರಿಯೊಳಗ ಅವನ ಕಣ್ಣಿಗಿ ಬಿದ್ದ ಸಾಮಾನು ಸುಳ್ಳಾಗಂಗಿಲ್ಲಂತ. ಅಲ್ಲಿಗೇ ಎಳಕೊಂಡು ಹೋಗ್ತೀನಿ."

ಒಬ್ಬಾಂವ ಯಾರೆಂದು ನನಗೆ ಗೊತ್ತಿಲ್ಲವೆ? ನಾವಿಬ್ಬರೂ ವಾಡಿಯಲ್ಲಿ ಒಬ್ಬರೇ ಉಸ್ತಾದರ ಕೈಕೆಳಗೆ ಕಲಿತವರು. ಉಸ್ತಾದರು ಈಗಿಲ್ಲ. ಇದ್ದಾಗ ನನ್ನ ಕೆಲಸ ನೋಡಿ "ಠೀಕ್ ಅದ" ಎನ್ನುತ್ತಿದ್ದರು. ಅವನ ಕೆಲಸ ನೋಡಿ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಗಡ್ಡ ಸವರಿಕೊಳ್ಳುತ್ತಿದ್ದರು. ಆ ಗಡ್ಡ ಸವರಿಕೊಂಡದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವನು ಚಿತ್ತಾಪುರದಲ್ಲಿ ಗ್ಯಾರೇಜು ತೆರೆದ, ನಾನು ಸೇಡಂನಲ್ಲಿ. ಅವನ ಗ್ಯಾರೇಜಿನ ನೆಲಕ್ಕೆ ಫರಸಿ ಹಾಸಿದೆ, ನನ್ನದು ಮಣ್ಣು. ಅವನ ಬೋರ್ಡಿಗೆ ದೀಪ ಹತ್ತುತ್ತದೆ. ಅವನ ಉಗುರಿನಲ್ಲಿ ಗ್ರೀಸು ನಿಲ್ಲುವುದಿಲ್ಲ. ಮೆಕ್ಯಾನಿಕನಾದವನಿಗೆ ಅದು ಹೇಗೆ ಸಾಧ್ಯವೋ ನಾನರಿಯೆ.

"ಯಾಕ ಆಗಂಗಿಲ್ಲ? ಸೋಮವಾರ ನಿಮ್ಮ ಗಾಡಿ ಕೋಡ್ಲಾದ ಗೇಟಿನ್ಯಾಗ ಇರ್ತದ," ಎಂದುಬಿಟ್ಟೆ. ಲೆಕ್ಕ ಹಾಕಿ ಆಡಿದ ಮಾತಲ್ಲ. ಹೊಟ್ಟೆಯೊಳಗಿನ ಕಿಚ್ಚು ಆಡಿಸಿದ ಮಾತು.

ಗುರುವಾರ ಚಿಂಚೋಳಿ ದಾರಿಯ ಸಣ್ಣ ಗುಜರಿಗಳನ್ನೆಲ್ಲ ಸುತ್ತಿದೆ. ತಗಡು ಸಿಕ್ಕಿತು, ಬಾಗಿಲು ಸಿಕ್ಕವು, ಒಂದು ಕಡೆ ಅದೇ ಮಾದರಿಯ ಟೆಂಪೊ ಕಂಡು ಓಡಿಹೋದರೆ ಅದರ ಹಿಂದಿನ ಅಚ್ಚನ್ನು ಯಾರೋ ಒಯ್ದು ಎತ್ತಿನ ಬಂಡಿಗೆ ಹಾಕಿಸಿಕೊಂಡಿದ್ದರು. ಉಳಿದದ್ದು ಶಹಾಬಾದಿನ ಯಾರ್ಡು.

ಶಹಾಬಾದಿನ ಹಾದಿಯಲ್ಲಿ ಕೈಬಿಟ್ಟ ಕಲ್ಲಿನ ಗಣಿ ಒಂದಿದೆ. ಫರಸಿ ಕಲ್ಲು ತೆಗೆದು ತೆಗೆದು ನೆಲ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತಳದಲ್ಲಿ ನೀರು ನಿಂತಿದೆ. ಆ ಮೆಟ್ಟಿಲುಗಳ ಮೇಲೆ ಸತ್ತ ಗಾಡಿಗಳು. ಒಡೆಯ ಒಬ್ಬ ಮುದುಕ, ಎಲ್ಲರಿಗೂ ಚಾಚಾ. ಗೇಟಿನ ಪಕ್ಕ ಹಗ್ಗದ ಹೊರಸು ಹಾಕಿಕೊಂಡು ಕೂತಿರುತ್ತಾರೆ. ಅಲ್ಲಿ ಯಾರೂ ನಿಮಗೆ ಸಾಮಾನು ಬಿಚ್ಚಿಕೊಡುವುದಿಲ್ಲ. ಪಾನಾ, ಜಾಕು, ಸುತ್ತಿಗೆ ನಿಮ್ಮವೇ ತರಬೇಕು. ಒಳಗೆ ಹೋಗಿ ಹುಡುಕಿ, ಬಿಚ್ಚಿ, ಹೊತ್ತು ತಂದು ಹೊರಸಿನ ಮುಂದೆ ಇಡಬೇಕು. ಚಾಚಾ ನೋಡಿ ಬೆಲೆ ಹೇಳುತ್ತಾರೆ.

ಅಲ್ಲಿ ನಡೆಯುವುದು ಒಂದೇ ಕಾಯಿದೆ, ಚಿಂದಿಯದು. ನಿಮಗೆ ಬೇಕಾದ ಸಾಮಾನು ಕಂಡರೆ ಅದಕ್ಕೊಂದು ಚಿಂದಿ ಬಟ್ಟೆ ಕಟ್ಟಬೇಕು. ಕಟ್ಟಿದ ಮೇಲೆ ಇನ್ನೊಬ್ಬ ಅದಕ್ಕೆ ಪಾನಾ ಹಚ್ಚುವಂತಿಲ್ಲ. ಊರಿಗೆ ಹೋಗಿ ಜಾಕು ತರಬಹುದು, ಜೊತೆಗೊಬ್ಬನನ್ನು ಕರೆತರಬಹುದು. ಆದರೆ ಸಂಜೆಯ ಆಜಾನ್ ಆಗುವಷ್ಟರಲ್ಲಿ ಬಿಚ್ಚಿರಬೇಕು. ಆಜಾನ್ ಆದ ಕೂಡಲೇ ಗೇಟು ಮುಚ್ಚುತ್ತದೆ, ಚಿಂದಿಯ ಹಕ್ಕು ಮುಗಿಯುತ್ತದೆ. ಮರುದಿನ ಮೊದಲು ಬಂದವನದೇ ಸಾಮಾನು. ಒಬ್ಬೊಬ್ಬ ಮಿಸ್ತ್ರಿಯದೂ ಒಂದೊಂದು ಬಗೆಯ ಚಿಂದಿ. ನೋಡಿದರೆ ಯಾರದೆಂದು ತಿಳಿಯುತ್ತದೆ.

ಶುಕ್ರವಾರ ಬೆಳಿಗ್ಗೆ ನಾನು ಒಳಗೆ ಹೋದೆ. ಎರಡನೆಯ ಮೆಟ್ಟಿಲಿನ ಮೇಲೆ ಅದೇ ಮಾದರಿಯ ಟೆಂಪೊ ನಿಂತಿತ್ತು. ಹಿಂದಿನ ಗಾಲಿ ಎರಡೂ ಇದ್ದವು, ಅಚ್ಚು ಇತ್ತು, ನಡುವಿನ ಗಡಿಗೆ ಕುದುರಿಕೊಂಡು ಕೂತಿತ್ತು. ಎದೆ ಹಗುರಾಯಿತು. ಬಗ್ಗಿ ನೋಡಿದೆ. ಅಚ್ಚಿನ ತುದಿಗೆ, ಗಾಲಿಯ ಹತ್ತಿರ, ಹಸಿರು ಚೌಕಳಿಯ ಬಟ್ಟೆಯ ಪಟ್ಟಿ. ಒಗೆದು ಒಣಗಿಸಿದ್ದು. ಗಂಟಿನ ತುದಿಗಳು ಸಮ ಉದ್ದ.

ಚಿತ್ತಾಪುರದವನ ಚಿಂದಿ.

ನನ್ನ ಕೈಯಲ್ಲಿ ಇದ್ದದ್ದು ಹಳೆಯ ಬನಿಯನ್ನು ಹರಿದ ತುಂಡು, ಎಣ್ಣೆಯಿಂದ ಕರ್ರಗಾದದ್ದು. ಚಿಂದಿಯಲ್ಲೂ ಅವನು ನನಗಿಂತ ಚೆಂದ ಎಂದು ಹೊಟ್ಟೆಯೊಳಗೆ ಮೆಣಸಿನಕಾಯಿ ಹುರಿದ ಹಾಗಾಯಿತು.

ಗೇಟಿಗೆ ಬಂದು ಚಾಚಾನನ್ನು ಕೇಳಿದೆ. "ಚಾಚಾ, ಎರಡನೇ ಕಟ್ಟಿ ಮ್ಯಾಲಿಂದು ಅವ ಯಾವಾಗ ಕಟ್ಟ್ಯಾನ್ರಿ?"

"ಮುಂಜಾನೆ. ನೀ ಬರೋಕ್ಕಿಂತ ಜರಾ ಮೊದಲು."

"ಬಿಚ್ಚಲಿಕ್ಕ ಬರ್ತಾನೇನು?"

"ಕಟ್ಟ್ಯಾನಂದ್ರ ಬರ್ತಾನ. ನಿಂಗ ಯಾಕ ಇಷ್ಟು ಬೆವರು ಬೇಟಾ? ಕುಂದ್ರು, ಚಹಾ ಕುಡಿ."

ಚಹಾ ಕುಡಿದು ಮತ್ತೆ ಅಲ್ಲಿಗೇ ಹೋಗಿ ಕೂತೆ. ಯಾರ್ಡು ದೊಡ್ಡದು. ಕೆಳಗಿನ ಮೆಟ್ಟಿಲುಗಳಿಗೆ ಇಳಿದು, ಜಾಲಿಕಂಟಿಯ ನಡುವೆ ನುಗ್ಗಿ ಹುಡುಕಬಹುದಿತ್ತು. ಹುಡುಕಲಿಲ್ಲ. ಅವನ ಕಣ್ಣು ಇದರ ಮೇಲೆ ಬಿದ್ದಿದೆ ಎಂದರೆ ಇಡೀ ಯಾರ್ಡಿನಲ್ಲಿ ಇದೇ ಒಳ್ಳೆಯದು ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಬೇರೆ ಮಿಸ್ತ್ರಿಗಳು ಅವನ ಚಿಂದಿ ನೋಡಿ "ಮಾಲು ಪಕ್ಕಾ" ಎನ್ನುವಾಗ ನಾನು ಮುಖ ತಿರುಗಿಸುತ್ತಿದ್ದೆ. ಒಳಗೆ ಮಾತ್ರ ಅವರೆಲ್ಲರಿಗಿಂತ ಹೆಚ್ಚು ನಂಬಿದವನು ನಾನೇ. ಹೊಟ್ಟೆಕಿಚ್ಚು ಪಡುವವನಿಗಿಂತ ದೊಡ್ಡ ಭಕ್ತ ಇನ್ನೊಬ್ಬನಿಲ್ಲ.

ಮಧ್ಯಾಹ್ನ ಚಾಚಾ ಜುಮ್ಮಾ ನಮಾಜಿಗೆ ಹೊರಟರು. "ನೀ ಒಳಗೇ ಇರು. ಯಾರ ಚಿಂದೀನೂ ಮುಟ್ಟಬ್ಯಾಡ," ಎಂದು ಹೇಳಿ ಗೇಟು ಹಾಕಿಕೊಂಡು ಹೋದರು. ಅವನಿಗೂ ಹೀಗೆ ಹೇಳುತ್ತಾರೆಯೇ, ಇಲ್ಲ ನನಗೆ ಮಾತ್ರವೇ ಎಂದು ಅವರು ತಿರುಗಿ ಬರುವ ತನಕ ಯೋಚಿಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಮೋಟರ್ ಸೈಕಲ್ಲಿನ ಸದ್ದಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಅವನೇ ಬಂದ.

"ಏನಪಾ ಸೇಡಂ ಸಾಹುಕಾರ, ಇಲ್ಲೇ ಮನಿ ಮಾಡಿಯೇನು?"

"ಸಾಹುಕಾರ ನೀ. ನಾ ನೆಳ್ಳಿಗಿ ಕುಂತೀನಿ."

"ಏನ್ ಬೇಕಾಗಿತ್ತು?"

ಇಲ್ಲಿ ಬಾಯಿ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನೆದುರು ನನಗೆ ಬೇಕಾದದ್ದು ನಿನ್ನ ಚಿಂದಿಯ ಕೆಳಗಿದೆ ಎನ್ನಲು ನಾಲಿಗೆ ಏಳಲಿಲ್ಲ.

"ಏನಿಲ್ಲ. ಒಂದು ಸ್ಟಾರ್ಟರ್ ಮೋಟರ್."

"ಸ್ಟಾರ್ಟರ್ ಆದ್ರ ಮುಂದ ಇರ್ತದಲ್ಲಪಾ. ನೀ ಗಾಡಿ ಹಿಂದ ಕುಂತಿ."

"ಕುಂದ್ರಲಿಕ್ಕ ನಿನ್ನ ಪರವಾನಗಿ ಬೇಕೇನು?"

ಅವನು ನಕ್ಕ. ಅವನ ನಗೆಯೂ ನನಗಿಂತ ಸಲೀಸು. ಮುಂದಿನ ಸಾಲಿಗೆ ಹೋಗಿ ಒಂದು ವ್ಯಾನಿನ ರೇಡಿಯೇಟರ್ ಬಿಚ್ಚಿದ, ಹೆಗಲ ಮೇಲೆ ಹೊತ್ತ, ಚಾಚಾನ ಹತ್ತಿರ ಮಾತಾಡಿ ಹೊರಟೇಹೋದ. ಹಸಿರು ಚಿಂದಿಯ ಕಡೆ ತಿರುಗಿಯೂ ನೋಡಲಿಲ್ಲ. ನಾಳೆ ಬಂದು ಒಯ್ಯುವ ಧೈರ್ಯ ಎಂದುಕೊಂಡೆ. ಈ ಮಾಲನ್ನು ಬಿಟ್ಟು ಯಾರಾದರೂ ಹೋಗುತ್ತಾರೆಯೇ, ಸೊಕ್ಕು ನೋಡು ಎಂದುಕೊಂಡೆ. ಅವನು ಅದನ್ನು ಬಿಟ್ಟದ್ದಕ್ಕೆ ಬೇರೆ ಕಾರಣವಿರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ.

ಆಜಾನ್ ಆಯಿತು. ಚಾಚಾ ಗೇಟು ಮುಚ್ಚುತ್ತ, "ನಾಳೆ ಮೊದಲು ಬಂದಾಂವಂದು," ಎಂದರು. ಸೇಡಂಗೆ ಹೋಗಿ ಬರುವ ಹೊತ್ತನ್ನೂ ಕಳೆಯಬಾರದೆಂದು ವಾಡಿಯ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡೆ. ಶನಿವಾರ ಚಾಚಾ ಹೊರಸು ಬಿಚ್ಚಿ ಹಾಕುವ ಮೊದಲೇ ಗೇಟಿನಲ್ಲಿ ನಿಂತಿದ್ದೆ.

ಹಸಿರು ಪಟ್ಟಿಯನ್ನು ಬಿಚ್ಚಿ ನನ್ನ ಬನಿಯನ್ ತುಂಡು ಕಟ್ಟಿದಾಗ ಆದ ಸಂತೋಷವನ್ನು ಬರೆದರೆ ಓದುವವರು ನಕ್ಕಾರು. ಅವನ ಪಟ್ಟಿಯನ್ನು ಬಿಸಾಡಲಿಲ್ಲ. ಮಡಚಿ ಬಾನೆಟ್ಟಿನ ಮೇಲಿಟ್ಟೆ. ಬಂದಾಗ ಅವನಿಗೆ ಕಾಣಲಿ ಎಂದು.

ಈ ಸೀಮೆಯ ಗಾಡಿ ಬಿಚ್ಚುವುದು ಬೇರೆ ಕಡೆಯ ಗಾಡಿ ಬಿಚ್ಚಿದ ಹಾಗಲ್ಲ. ಸಿಮೆಂಟಿನ ಧೂಳು ಕೂತು, ಅದರ ಮೇಲೆ ಮಳೆ ಬಿದ್ದು, ನಟ್ಟು ಬೋಲ್ಟು ಎಲ್ಲ ಗಿಲಾವು ಮಾಡಿದ ಗೋಡೆಯ ಹಾಗೆ ಆಗಿರುತ್ತವೆ. ಮೊದಲು ಸಣ್ಣ ಚಾಣದಿಂದ ಆ ಪದರ ಕೆತ್ತಬೇಕು. ಆಮೇಲೆ ಸೀಮೆಎಣ್ಣೆ ಹನಿಸಿ ನೆನೆಯಲು ಬಿಡಬೇಕು. ಅವಸರ ಮಾಡಿ ಪಾನಾ ಜಗ್ಗಿದರೆ ಬೋಲ್ಟಿನ ತಲೆ ಹಾರಿ, ಬುಡ ಒಳಗೇ ಉಳಿಯುತ್ತದೆ. ನಾನು ಎಂಜಿನ್ನಿನ ಕಡೆಯಿಂದ ಬರುವ ಉದ್ದ ದಂಡದ, ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟು ಬಿಚ್ಚಿದೆ, ಗಾಲಿಗಳಿಗೆ ಹೋಗುವ ಎರಡೂ ಕಡೆಯ ಆ್ಯಕ್ಸಲ್ ಶಾಫ್ಟುಗಳನ್ನು ಹೊರಕ್ಕೆ ಎಳೆದೆ, ಗಡಿಗೆಯ ಸುತ್ತಲ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದೆ. ಡಿಫರೆನ್ಷಿಯಲ್ ಎದೆಯ ಮೇಲೆ ಬಂದು ಕೂತಿತು. ಹಲ್ಲುಗಳು ಹೊಸದರ ಹಾಗಿದ್ದವು. ಒಂದೂ ಚೂರು ಎದ್ದಿರಲಿಲ್ಲ. ಅಲುಗಾಡಿಸಿದರೆ ಸದ್ದಿಲ್ಲ.

ಹೊರಸಿನ ಮುಂದೆ ಇಟ್ಟಾಗ ಚಾಚಾ ಹಲ್ಲಿನ ಮೇಲೆ ಬೆರಳಾಡಿಸಿದರು.

"ಮಾಲು ಛಲೋ ಅದ. ನೋಡಿ ತಗೊಂಡಿಯಲ್ಲ?"

"ಚಿತ್ತಾಪುರದಾಂವ ಕಟ್ಟಿದ್ದು, ಚಾಚಾ."

"ಅವ ಕಟ್ಟಿದ್ದು ಖರೆ. ನೀ ನೋಡಿಯೇನು ಅಂತ ಕೇಳಿದೆ."

"ನೋಡೀನಿ, ನೋಡೀನಿ," ಎಂದು ಬಾಡಿಗೆಯ ಮೂರು ಗಾಲಿಯ ಟಂಟಂಗೆ ಹೇರಿದೆ. ಚಿತ್ತಾಪುರ ಬಂದಾಗ ಟಂಟಂ ನಿಲ್ಲಿಸಿ ಅವನ ಗ್ಯಾರೇಜಿನ ಎದುರಿಗೇ ಚಹಾ ಕುಡಿದೆ. ಹಿಂದೆ ಇಟ್ಟ ಡಿಫರೆನ್ಷಿಯಲ್ ಕಾಣುವ ಹಾಗೆ ಗೋಣಿಚೀಲವನ್ನೂ ಸರಿಸಿದ್ದೆ. ಅವನು ಒಂದು ಜೀಪಿನ ಕೆಳಗೆ ಮಲಗಿದ್ದ. ಎರಡು ಕಾಲು ಮಾತ್ರ ಹೊರಗಿದ್ದವು. ಎರಡನೆಯ ಚಹಾ ಹೇಳಿದೆ. ಕಾಲುಗಳು ಹೊರಬರಲಿಲ್ಲ.

ಹೊತ್ತು ಇಳಿಯುವುದರೊಳಗೆ ಅಕ್ಕನ ಗಾಡಿಗೆ ಕೂಡಿಸಿದೆ. ಎಲ್ಲ ರಂಧ್ರವೂ ಒಂದಕ್ಕೊಂದು ಸರಿಯಾಗಿ ಕೂತವು. ಹೊಸ ಎಣ್ಣೆ ಹಾಕಿದೆ. ಅಕ್ಕ ಬಂದು ಬುಟ್ಟಿಗಳ ಬದಲು ಜೋಳದ ಚೀಲ ಹೇರಿಸಿ ತಾವೇ ಓಡಿಸಿಕೊಂಡು ಹೋದರು. ಹೋದವರು ಬರಲು ಬಹಳ ಹೊತ್ತು ಮಾಡಿದರು. ಬಂದಾಗ ಎಂಜಿನ್ನು ಚೀರುತ್ತಿತ್ತು, ಬಾನೆಟ್ಟಿನ ಸಂದಿಯಿಂದ ಉಗಿ.

"ಸದ್ದು ಹೋಗ್ಯದ ತಮ್ಮಾ, ಅದು ಖರೆ," ಎಂದರು ಇಳಿಯುತ್ತ. "ಎತ್ತಿನಂಗ ಎಳೀತದ. ಆದ್ರ ಎತ್ತಿನಂಗೇ ನಡೀತದ. ಸೈಕಲ್ ಮ್ಯಾಲ ಹೋಗೋ ಹುಡುಗೂರು ನನ್ನ ದಾಟಿ ಹೋಗಿ ಕೈ ಮಾಡ್ಲಿಕತ್ತಿದ್ರು. ಹಿಂಗ ಹೋದ್ರ ಕೋಡ್ಲಾದಾಗ ರೊಟ್ಟಿ ಆರ್ತದ, ವಾಡ್ಯಾಗ ಮಂದಿ ಉಂಡು ಮಲಗಿರ್ತಾರ."

ನನಗೆ ಅಲ್ಲೇ ತಿಳಿಯಿತು. ತಿಳಿದರೂ ಜಾಕು ಹಚ್ಚಿದೆ. ಉಸ್ತಾದರು ನಮಗೆ ಮೊದಲು ಕಲಿಸಿದ್ದೇ ಇದು: ಒಂದು ಗಾಲಿಯನ್ನು ನೆಲಕ್ಕೆ ಊರಿಸಿ, ಇನ್ನೊಂದನ್ನು ಎತ್ತಿ, ಅದನ್ನು ಎರಡು ಸುತ್ತು ತಿರುವಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಂದು ಎಣಿಸಬೇಕು. ಅಕ್ಕನ ಗಾಡಿಗೆ ನಾಲ್ಕು ಸುತ್ತು ದಾಟಿ ಸ್ವಲ್ಪ ಬರಬೇಕು. ಸೀಮೆಸುಣ್ಣದ ಗೆರೆ ಹಾಕಿ ಎಣಿಸಿದೆ. ಐದು ದಾಟಿ ಹೋಯಿತು. ಇದು ಗುಡ್ಡದ ಹಾದಿಯಲ್ಲಿ ಮೊರಂ ಮಣ್ಣು ಹೇರುವವರಿಗೆ ಮಾಡಿದ ಗಾಡಿಯದು, ಎಳೆತ ಹೆಚ್ಚು, ಓಟ ಕಡಿಮೆ. ಹೊರಗಿನಿಂದ ಎರಡಕ್ಕೂ ಭೇದವಿಲ್ಲ. ಹಲ್ಲಿನ ಎಣಿಕೆಯಲ್ಲಿ ಮಾತ್ರ. ಯಾರ್ಡಿನಲ್ಲಿ ಎಣಿಸಬಹುದಿತ್ತು, ಟಂಟಂನಿಂದ ಇಳಿಸಿದ ಮೇಲೂ ಎಣಿಸಬಹುದಿತ್ತು. ಹಲ್ಲು ನೋಡಿದೆ, ಬೇರಿಂಗ್ ನೋಡಿದೆ, ಎಣಿಸಲಿಲ್ಲ. ಅವನು ಎಣಿಸಿಯೇ ಕಟ್ಟಿರುತ್ತಾನೆ ಎಂಬ ಗ್ಯಾರಂಟಿಯ ಮೇಲೆ ಕೆಲಸ ಮಾಡಿದ್ದೆ.

"ಏನಾತು?" ಎಂದರು ಅಕ್ಕ.

"ಸಾಮಾನು ಬ್ಯಾರೇದು, ಅಕ್ಕಾ. ನಾಳಿನ ದಿನ ಕೊಡ್ರಿ."

"ನಾಳಿನ ದಿನ ಒಂದೇ ಅದ ತಮ್ಮಾ," ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ರವಿವಾರ ಬೆಳಿಗ್ಗೆ ಮೋಟರ್ ಸೈಕಲ್ ತೆಗೆದೆ. ಶಹಾಬಾದಿಗೆ ನೇರ ಹೋಗಿ ಕಂಟಿಯಲ್ಲಿ ಹುಡುಕುವುದು ಒಂದು ದಾರಿ. ಸಿಕ್ಕರೆ ಯಾರಿಗೂ ತಿಳಿಯದು, ಸಿಗದಿದ್ದರೆ ದಿನ ಹೋಯಿತು. ಇನ್ನೊಂದು ದಾರಿ ಯಾವುದೆಂದು ಗೊತ್ತಿತ್ತು, ಗೊತ್ತಿದ್ದದ್ದೇ ಕಷ್ಟ. ಚಿತ್ತಾಪುರದ ಅಗಸಿ ಬಾಗಿಲಿನ ತನಕ ಮನಸ್ಸಿನಲ್ಲಿ ಜಗಳವಾಡಿಕೊಂಡೇ ಹೋದೆ. ಅಷ್ಟರಲ್ಲಿ, ರೊಟ್ಟಿ ಬಡಿಯುವ ಹೆಂಗಸರು ಹಿಟ್ಟು ಬೀಸಿಸಿ ಇಟ್ಟಿರುತ್ತಾರೆ ಎಂಬುದು ನೆನಪಾಯಿತು. ಗಾಡಿ ಅವನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

ಅವನು ಹಲ್ಲುಜ್ಜುತ್ತಿದ್ದ. ನನ್ನನ್ನು ಕಂಡು ಬಾಯಿ ಮುಕ್ಕಳಿಸಿದ.

"ಸ್ಟಾರ್ಟರ್ ಸಿಗಲಿಲ್ಲೇನು?"

"ಸ್ಟಾರ್ಟರ್ ಬೇಕಿದ್ದಿಲ್ಲ. ಕ್ರೌನ್-ಪಿನಿಯನ್ ಬೇಕಿತ್ತು. ನೀ ಕಟ್ಟಿದ್ದು ಒಯ್ದು ಕೂಡಿಸೀನಿ. ಗುಡ್ಡದ್ದು ಅದ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನಾ ಕಟ್ಟಿದ್ದು ಡ್ರಮ್ಮಿಗಿ. ಬ್ರೇಕ್ ಡ್ರಮ್ ಬೇಕಾಗಿದ್ವು. ಆಮ್ಯಾಲ ಗಿರಾಕಿ ಬ್ಯಾಡಂದ, ಬಿಟ್ಟೆ. ಅದು ಗುಡ್ಡದ್ದು ಅಂತ ನಂಗ ಗೊತ್ತಿತ್ತು."

"ಗೊತ್ತಿತ್ತು?"

"ನೀ ಕೇಳಿದ್ರ ಹೇಳ್ತಿದ್ದೆ. ನೀ ಸ್ಟಾರ್ಟರ್ ಅಂದಿ." ಆಮೇಲೆ ಅವನ ಮುಖ ಅರಳತೊಡಗಿತು. ತಡೆಯಲು ನೋಡಿದ, ಆಗಲಿಲ್ಲ. "ಅಂದ್ರ ನೀ ಎಣಸಲಿಲ್ಲ? ನನ್ನ ಚಿಂದಿ ನೋಡಿ ಒಯ್ದಿ? ನೀನು? ನನ್ನ ಮುಖ ಕಂಡ್ರ ಹಾಗಲಕಾಯಿ ತಿಂದಂಗ ಮಾಡಾಂವ?"

"ನಗು. ನಕ್ಕು ಮುಗಸು. ಆಮ್ಯಾಲ ಹೇಳು, ಬ್ಯಾರೆ ಇದ್ರ ಎಲ್ಲದ?"

ಅವನು ನಕ್ಕು ಮುಗಿಸಿದ. ಹೊತ್ತು ತೆಗೆದುಕೊಂಡೇ ಮುಗಿಸಿದ. ಆಮೇಲೆ ನನಗೂ ಒಂದು ಕಪ್ ಚಹಾ ತರಿಸಿದ. ಗಣಿಯ ಕೊನೆಯ ಮೆಟ್ಟಿಲಿನ ಅಂಚಿಗೆ, ಜಾಲಿಕಂಟಿಯ ಹಿಂದೆ ಒಂದು ಗಾಡಿ ವಾಲಿಕೊಂಡು ನಿಂತಿದೆ, ಅದು ಬಯಲಿನದು, ಎಂದ. "ಒಬ್ಬನ ಕೈಲಿ ಆಗಂಗಿಲ್ಲ. ಒಂದು ಗಾಲಿ ನೀರಿನ ಕಡೆ ತೂಗಾಡ್ಲಿಕತ್ತದ. ಜಾಕ್ ಹಚ್ಚಿದಾಗ ಇನ್ನೊಬ್ಬ ಹಗ್ಗ ಹಿಡೀಬೇಕು. ನಾ ಬರ್ಲೇನು?"

ಬ್ಯಾಡ ಎನ್ನುವ ಮಾತು ತುಟಿಯ ಮೇಲೆ ಬಂದು ಕೂತಿತ್ತು. ಅವನು ಬಂದರೆ ಅಕ್ಕನಿಗೆ ತಿಳಿಯುತ್ತದೆ. ಅಕ್ಕನಿಗೆ ತಿಳಿದರೆ ಸೇಡಂಗೆ ತಿಳಿಯುತ್ತದೆ. ಚಹಾ ಪೂರಾ ಕುಡಿದು ಕಪ್ಪು ಕೆಳಗಿಟ್ಟು, "ಬಾ," ಎಂದೆ.

ಗೇಟಿನಲ್ಲಿ ನಮ್ಮಿಬ್ಬರನ್ನು ಒಂದೇ ಮೋಟರ್ ಸೈಕಲ್ಲಿನ ಮೇಲೆ ನೋಡಿ ಚಾಚಾ ಹೊರಸಿನಿಂದ ಎದ್ದು ಕೂತರು. "ಯಾ ಅಲ್ಲಾ! ಏನಾತು? ಒಬ್ಬನ ಗಾಡಿ ಸುಟ್ಟಿತೇನು?"

ಆ ಟೆಂಪೊ ಅವನು ಹೇಳಿದ ಹಾಗೆಯೇ ಇತ್ತು. ಕೆಳಗೆ ಗಣಿಯ ಹಸಿರು ನೀರು. ಕಂಟಿ ಕಡಿದು ದಾರಿ ಮಾಡಿದೆವು. ಹಿಂದಿನ ಚೌಕಟ್ಟಿಗೆ ಹಗ್ಗ ಸುತ್ತಿ, ಮೇಲಿನ ಮೆಟ್ಟಿಲಿನ ಒಂದು ಲಾರಿಯ ಚಾಸಿಗೆ ಕಟ್ಟಿ, ಅದರ ಬಾಲವನ್ನು ಅವನು ಸೊಂಟಕ್ಕೆ ಸುತ್ತಿಕೊಂಡು ನಿಂತ. ನಾನು ಜಾಕಿನ ಕೆಳಗೆ ಫರಸಿಯ ತುಂಡುಗಳನ್ನು ಅಡುಕಿದೆ. ಪಾನಾ ಹಚ್ಚುವ ಮೊದಲು ಗಾಲಿ ಎತ್ತಿ ಎಣಿಸಿದೆ. ನಾಲ್ಕು ದಾಟಿ ಸ್ವಲ್ಪ.

"ಎಷ್ಟು?" ಎಂದ ಮೇಲಿನಿಂದ.

"ಸರಿ ಅದ."

"ಮತ್ತೊಮ್ಮಿ ಎಣಸು. ನಾ ಹೇಳೀನಿ ಅಂತ ನಂಬಬ್ಯಾಡ."

"ಹಗ್ಗ ಹಿಡಿಯಲೇ ಸುಮ್ನ!"

ಮತ್ತೊಮ್ಮೆ ಎಣಿಸಿದೆ, ಅವನಿಗೆ ಕೇಳದ ಹಾಗೆ. ಕೊನೆಯ ನಟ್ಟು ಬಿಡಿಸುವಾಗ ಗಾಡಿ ಒಮ್ಮೆ ನರಳಿ ಅಂಚಿನ ಕಡೆ ಸರಿಯಿತು. ಹಗ್ಗ ಬಿಗಿಯಾಯಿತು. ಮೇಲೆ ನೋಡಿದರೆ ಅವನು ಹಿಮ್ಮಡಿಯೂರಿ, ಮಲಗಿದ ಹಾಗೆ ಹಿಂದಕ್ಕೆ ಜಗ್ಗಿ ಹಿಡಿದಿದ್ದ. ಕತ್ತಿನ ನರ ಉಬ್ಬಿದ್ದವು. "ತಗೀ, ತಗೀ, ಲಗು ತಗೀ!" ಎಂದು ಹಲ್ಲು ಕಚ್ಚಿ ಅಂದ. ಡಿಫರೆನ್ಷಿಯಲ್ ಅಪ್ಪಿಕೊಂಡು ಈಚೆ ಉರುಳಿದೆ. ಅವನು ಹಗ್ಗ ಬಿಟ್ಟಾಗ ಅಂಗೈ ಸಿಪ್ಪೆ ಸುಲಿದಿತ್ತು. ಅದನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ಅನ್ನಿಸಿತು: ಇವನು ಹಗ್ಗ ಹಿಡಿಯುವುದರಲ್ಲೂ ನನಗಿಂತ ಗಟ್ಟಿ.

ಅವನನ್ನು ಚಿತ್ತಾಪುರದಲ್ಲಿ ಇಳಿಸಿ, ಸೇಡಂಗೆ ಬಂದು ಬಿಚ್ಚಿ ನೋಡಿದರೆ ಹಲ್ಲು ಚೆನ್ನಾಗಿದ್ದವು, ಪಿನಿಯನ್ನಿನ ಬೇರಿಂಗ್ ಮಾತ್ರ ನೀರಿನ ಆವಿಗೆ ತುಕ್ಕು ಹಿಡಿದಿತ್ತು. ಗುಡ್ಡದ ಡಿಫರೆನ್ಷಿಯಲ್‌ನ ಬೇರಿಂಗ್ ಅದೇ ಅಳತೆಯದು. ಅದನ್ನು ತೆಗೆದು ಇದಕ್ಕೆ ಹಾಕಿದೆ. ಬೇರಿಂಗ್ ಬದಲಿಸಿದರೆ ಪಿನಿಯನ್ ಕೂರುವ ಆಳ ಬದಲಾಗುತ್ತದೆ. ಅದರ ಹಿಂದೆ ಶಿಮ್ ಎಂಬ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳನ್ನು ಇಟ್ಟು ಸರಿಮಾಡಬೇಕು. ಹಲ್ಲು ಎಲ್ಲಿ ತಾಗುತ್ತಿದೆ ಎಂದು ನೋಡಲು ಉಸ್ತಾದರು ಬಟ್ಟೆಯ ನೀಲಿ ಹಚ್ಚುತ್ತಿದ್ದರು. ನಾನು ಮನೆಯವಳ ಕುಂಕುಮದ ಭರಣಿ ತರಿಸಿಕೊಂಡು, ಎಣ್ಣೆಯಲ್ಲಿ ಕಲಸಿ, ಕ್ರೌನಿನ ಹಲ್ಲಿಗೆ ಬಳಿದು ತಿರುವಿದೆ. ಕೆಂಪು ಒಮ್ಮೆ ಹಲ್ಲಿನ ತುದಿಗೆ ಅಳಿಸಿತು, ಒಮ್ಮೆ ಬುಡಕ್ಕೆ. ಶಿಮ್ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. "ಹೊಸಾ ಭರಣಿ ಇತ್ತು, ಗಾಡಿಗಿ ಸೀಮಂತ ಮಾಡ್ಲಿಕತ್ತಾರ," ಎಂದು ಮನೆಯವಳು ಅಕ್ಕನ ಹತ್ತಿರ ಗೊಣಗುವುದು ಕೇಳುತ್ತಿತ್ತು. ಹೊತ್ತು ಮುಳುಗುವುದರೊಳಗೆ ಕೆಂಪು ಹಲ್ಲಿನ ನಟ್ಟನಡುವೆ, ಕುಂಬಳ ಬೀಜದ ಆಕಾರದಲ್ಲಿ ಅಳಿಸಿತು. ಇಂಥ ಗುರುತು ಬಂದರೆ ಉಸ್ತಾದರು "ಠೀಕ್" ಎನ್ನುತ್ತಿರಲಿಲ್ಲ. ಇದಕ್ಕೆ ಗಡ್ಡ ಸವರಿಕೊಳ್ಳುತ್ತಿದ್ದರು ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡೆ.

ಅಕ್ಕ ಗಾಡಿ ಓಡಿಸಿ ಬಂದರು. ಈ ಸಲ ಬೇಗ ಬಂದರು.

"ಎಲ್ಲಿ ಸಿಕ್ತು ತಮ್ಮಾ?"

"ಶಹಾಬಾದಿನ್ಯಾಗ."

"ನೀನೇ ಹುಡುಕಿದೇನು?"

ಹೌದು ಎಂದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅವನ ಸುಲಿದ ಅಂಗೈ ಕಣ್ಣ ಮುಂದೆ ಬಂತು.

"ಇಲ್ರಿ ಅಕ್ಕಾ. ಚಿತ್ತಾಪುರದಾಂವ ತೋರಿಸಿದ. ಹಗ್ಗಾನೂ ಅವನೇ ಹಿಡಿದ."

ಸೋಮವಾರ ನಾನು ಮೋಟರ್ ಸೈಕಲ್ ಮೇಲೆ ಅಕ್ಕನ ಹಿಂದೆಯೇ ಹೋದೆ. ಕೆಲಸವಿರಲಿಲ್ಲ, ಸುಮ್ಮನೆ ಕೂರಲು ಆಗಲಿಲ್ಲ. ಕೋಡ್ಲಾದ ಗೇಟಿನಲ್ಲಿ ಪಾಳಿ ಬಿಡುವ ಮೊದಲೇ ಬುಟ್ಟಿಗಳು ಇಳಿದವು. ಕ್ಯಾಂಟೀನಿನವನು ಬಟ್ಟೆ ಸರಿಸಿ, ಮೇಲಿನ ರೊಟ್ಟಿಯನ್ನು ಅಂಗೈಯಿಂದ ಒತ್ತಿ ನೋಡಿ, ಬಿಸಿ ಇದೆಯೆಂದು ತಲೆಯಾಡಿಸಿ ಒಳಗೆ ಒಯ್ಯಿಸಿದ. ಅಕ್ಕ ಖಾಲಿ ಬುಟ್ಟಿಗಳನ್ನು ಹೇರಿಕೊಂಡು ನನ್ನ ಹತ್ತಿರ ಬಂದರು. ಏನೋ ಹೇಳಲು ಹಿಂದೆಮುಂದೆ ನೋಡಿದರು.

"ಸಿಟ್ಟು ಮಾಡ್ಕೋಬ್ಯಾಡ ತಮ್ಮಾ. ವಾಡಿಗಿ ಹೋಗೋ ಹಾದ್ಯಾಗೇ ಚಿತ್ತಾಪುರ ಬರ್ತದ. ಇನ್ನ ಮುಂದ ಸರ್ವಿಸ್ ಅಲ್ಲೇ ಮಾಡಸ್ತೀನಿ. ನಿಂಗೂ ದೂರದಿಂದ ಸಾಮಾನು ತರೋ ತ್ರಾಸು ತಪ್ತದ."

"ಮಾಡಸ್ರಿ ಅಕ್ಕಾ, ಛಲೋ ಆತು," ಎಂದಿತು ಬಾಯಿ. ಹೊಟ್ಟೆ ಏನೆಂದಿತು ಎಂದು ಇಲ್ಲಿ ಬರೆಯುವುದಿಲ್ಲ.

ಅಕ್ಕನ ಗಾಡಿ ವಾಡಿಯ ದಾರಿ ಹಿಡಿಯಿತು. ನಾನು ರಸ್ತೆಯ ಪಕ್ಕದ ಬೇವಿನ ಕೆಳಗೆ ನಿಂತು ಅವನಿಗೆ ಫೋನು ಮಾಡಿದೆ.

"ರೊಟ್ಟಿ ಅಕ್ಕನ ಗಾಡಿ ಈಗ ನಿನ್ನ ಕಡೆ ಬರ್ತದ. ಪಿನಿಯನ್ ಬೇರಿಂಗ್ ಬದಲ ಮಾಡೀನಿ. ಎರಡು ತೆಳು ಶಿಮ್ ಹಾಕೀನಿ. ನಿಂಗ ಗೊತ್ತಿರ್ಲಿ."

ಆ ಕಡೆ ಪಾನಾ ಕೆಳಗಿಟ್ಟ ಸದ್ದು. "ನೀ ಕೂಡಿಸಿದ್ದಂದ್ರ ನಾ ಯಾಕ ಬಿಚ್ಚಲಿ? ಹಂಗೇ ಬಿಡ್ತೀನಿ."

ಕಿವಿಗೆ ಇಂಪಾಗಿತ್ತು. ಇನ್ನೊಮ್ಮೆ ಹೇಳಿಸಿಕೊಳ್ಳಬೇಕೆನ್ನುವಷ್ಟು. ಆದರೆ ಗಾಡಿ ಅಕ್ಕನದು, ರೊಟ್ಟಿ ಓಣಿಯವರದು.

"ಬ್ಯಾಡ. ಜಾಕ್ ಹಚ್ಚು, ಗಾಲಿ ತಿರುವು, ಎಣಸು. ಹಲ್ಲಿಗಿ ಬಣ್ಣ ಹಚ್ಚಿ ನೋಡು."

"ನೋಡ್ತೀನಿ ಬಿಡು. ತಪ್ಪು ಸಿಕ್ರ ಶಹಾಬಾದ ತನಕ ಹೇಳ್ಕೊಂಡು ಬರ್ತೀನಿ."

"ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ಯಾರಿಗೂ ಹೇಳಂಗಿಲ್ಲ," ಎಂದು ಫೋನು ಇಟ್ಟ.

ಆ ದಿನ ಅವನಿಂದ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ.